ಸುಪ್ರಿಮ್ಯಾಟಿಸಂ ಅಂದರೇನು? ಒಂದು ಕಪ್ಪು ಚೌಕದ ಕಥೆ

ಸುಪ್ರಿಮ್ಯಾಟಿಸಂ ಅಂದರೆ, ಸುಲಭವಾಗಿ ಹೇಳುವುದಾದರೆ, ಯಾವ ವಸ್ತುವನ್ನೂ ತೋರಿಸದ ಚಿತ್ರಕಲೆ. ಮರ ಇಲ್ಲ, ಮುಖ ಇಲ್ಲ, ಹೂಜಿ ಇಲ್ಲ. ಚೌಕ, ವೃತ್ತ, ಶಿಲುಬೆ, ಓರೆಯಾದ ಪಟ್ಟಿಗಳು, ಅಷ್ಟೇ. ಕೀವ್‌ನಲ್ಲಿ ಹುಟ್ಟಿದ ಕಜಿಮಿರ್ ಮಲೇವಿಚ್ ಈ ಹೆಸರು ಕೊಟ್ಟ. ‘ಸುಪ್ರೀಮಸ್’ ಅಂದರೆ ಲ್ಯಾಟಿನ್‌ನಲ್ಲಿ ಎಲ್ಲಕ್ಕಿಂತ ಮೇಲಿನದು. ಅವನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಭಾವ. ಸೇಬು ಬರೆದರೆ ನೋಡುವವರು ಸೇಬಿನ ಹತ್ತಿರವೇ ನಿಂತುಬಿಡುತ್ತಾರೆ, ಬಣ್ಣವನ್ನು ಯಾರೂ ಕೇಳುವುದಿಲ್ಲ, ಹಾಗಾದರೆ ಸೇಬನ್ನೇ ತೆಗೆದುಬಿಟ್ಟರೆ ಆಯಿತಲ್ವಾ?

ತೆಗೆದಾಗ ಉಳಿದದ್ದು ‘ಕಪ್ಪು ಚೌಕ’. 1915ರ ಚಿತ್ರ, ಕ್ಯಾನ್ವಾಸಿನ ಅಗಲ 79.5 ಸೆಂ.ಮೀ., ಎತ್ತರವೂ ಅಷ್ಟೇ. ಆ ಡಿಸೆಂಬರ್‌ನಲ್ಲಿ ಪೆಟ್ರೋಗ್ರಾಡ್‌ನ (ಇವತ್ತಿನ ಸೇಂಟ್ ಪೀಟರ್ಸ್‌ಬರ್ಗ್) ‘0,10’ ಪ್ರದರ್ಶನದಲ್ಲಿ ಮಲೇವಿಚ್ ಅದನ್ನು ಗೋಡೆಗೆ ಹಾಕಲಿಲ್ಲ, ಎರಡು ಗೋಡೆ ಸೇರುವ ಮೂಲೆಯಲ್ಲಿ, ಚಾವಣಿಯ ಹತ್ತಿರ ಕಟ್ಟಿದ. ರಷ್ಯದ ಆರ್ಥಡಾಕ್ಸ್ ಮನೆಗಳಲ್ಲಿ ಅದು ದೇವರ ಪಟದ ಜಾಗ. ‘ಕೆಂಪು ಮೂಲೆ’ ಅಂತ ಕರೆಯುತ್ತಾರೆ. ಅಲ್ಲಿ ಮೇರಿಮಾತೆ ಇರಬೇಕು, ಇವನು ಕಪ್ಪು ಬಣ್ಣ ಬಳಿದ ಕ್ಯಾನ್ವಾಸ್ ತಂದಿಟ್ಟ! ವಿಮರ್ಶಕ ಅಲೆಕ್ಸಾಂಡರ್ ಬೆನ್ವಾ ಉರಿದುಬಿದ್ದ. ಕೋಪಕ್ಕೆ ಕಾರಣ ಚೌಕ ಮಾತ್ರ ಅಲ್ಲ, ಅದು ಕೂತ ಜಾಗ ಕೂಡ.

‘ಇದನ್ನ ಯಾರು ಬೇಕಾದ್ರೂ ಬಳಿಯಬಹುದು’ ಅನ್ನುವವರು ಒಮ್ಮೆ ಫೋಟೋ ದೊಡ್ಡದು ಮಾಡಿ ನೋಡಿ. ಮೊದಲಿಗೆ, ಆ ಕಪ್ಪು ಆಕಾರ ಸರಿಯಾದ ಚೌಕವೇ ಅಲ್ಲ. ಸ್ಕೇಲ್ ಇಟ್ಟು ಗೆರೆ ಎಳೆದಿಲ್ಲ, ಅಂಚುಗಳು ಸ್ವಲ್ಪ ಸ್ವಲ್ಪ ಓರೆ. ಪ್ರದರ್ಶನದ ಪಟ್ಟಿಯಲ್ಲೂ ಅದರ ಹೆಸರು ‘ಚತುರ್ಭುಜ’ ಅಂತಲೇ ಇತ್ತು. ಇನ್ನು ಕಪ್ಪಿನ ಮೇಲೆಲ್ಲ ಬೇಸಿಗೆಯಲ್ಲಿ ಒಣಗಿದ ಕೆರೆಯ ತಳದ ಹಾಗೆ ಬಿರುಕು, ಆ ಬಿರುಕುಗಳಲ್ಲಿ ಬೇರೆ ಬಣ್ಣಗಳು ಇಣುಕುತ್ತವೆ. ಚಿತ್ರ ಇರುವುದು ಮಾಸ್ಕೋದ ಟ್ರೆಟ್ಯಕೋವ್ ಗ್ಯಾಲರಿಯಲ್ಲಿ. ಅಲ್ಲಿನವರು 2015ರಲ್ಲಿ ತಿಳಿಸಿದ ಪ್ರಕಾರ, ಎಕ್ಸ್‌ರೇ ಪರೀಕ್ಷೆಯಲ್ಲಿ ಕಪ್ಪಿನ ಕೆಳಗೆ ಎರಡು ಬಣ್ಣದ ಚಿತ್ರಗಳು ಸಿಕ್ಕವು, ಒಂದರ ಮೇಲೊಂದು. ಅಂದರೆ ಇದು ಸುಮ್ನೆ ಖಾಲಿ ಬಟ್ಟೆಗೆ ಹೊಡೆದ ಕಪ್ಪಲ್ಲ. ಎರಡು ಸಲ ಬರೆದು, ಸಾಲದು ಅನ್ನಿಸಿ ಮುಚ್ಚಿದ್ದು. ನನಗೆ ಆ ಚೌಕಕ್ಕಿಂತ ಈ ಬಿರುಕುಗಳೇ ಜಾಸ್ತಿ ಇಷ್ಟ.

1918ರಲ್ಲಿ ಮಲೇವಿಚ್ ಬಿಳಿಯ ಮೇಲೆ ಬಿಳಿ ಚೌಕ ಬರೆದು ಇನ್ನೂ ಮುಂದೆ ಹೋದ. ಆಮೇಲೆ ಸ್ಟಾಲಿನ್ ಕಾಲ ಬಂತು, ಇಂಥ ಕಲೆಗೆ ಜಾಗ ಉಳಿಯಲಿಲ್ಲ, 1930ರಲ್ಲಿ ಅವನನ್ನು ಬಂಧಿಸಿದ್ದೂ ಆಯಿತು. ಕೊನೆಗೆ ಮನುಷ್ಯರ ಮುಖಗಳಿಗೇ ಮರಳಿದ. 1933ರಲ್ಲಿ ಬರೆದುಕೊಂಡ ಸ್ವಂತ ಚಿತ್ರದಲ್ಲಿ ಹಳೇ ಇಟಲಿಯವರ ಥರ ಉಡುಪು ತೊಟ್ಟು ಗಂಭೀರವಾಗಿ ನಿಂತಿದ್ದಾನೆ. ಕೆಳಗಿನ ಮೂಲೆಯಲ್ಲಿ, ಸಹಿ ಇರಬೇಕಾದ ಕಡೆ, ಒಂದು ಪುಟ್ಟ ಕಪ್ಪು ಚೌಕ.