ಎರಡನೇ ವಾರಕ್ಕೇ ರೀಮಿಕ್ಸ್ ಕೇಳಬೇಡಿ

ಹಾಡು ಬಿಟ್ಟು ಎರಡು ವಾರ ಆಗಿರುವುದಿಲ್ಲ, ಫೋನ್ ಬರುತ್ತದೆ. "ಸರ್, ಓಡ್ತಾ ಇಲ್ಲ. ಗಿಟಾರ್ ಸ್ವಲ್ಪ ಜಾಸ್ತಿ ಮಾಡಿ ಇನ್ನೊಂದ್ಸಲ ಮಿಕ್ಸ್ ಮಾಡಿಕೊಡ್ತೀರಾ?" ಹಾಡು ಓಡದಿರುವುದಕ್ಕೂ ಗಿಟಾರಿಗೂ ಏನಪ್ಪಾ ಸಂಬಂಧ ಅಂದರೆ ಉತ್ತರ ಇರುವುದಿಲ್ಲ. ಮಿಕ್ಸಿಂಗ್, ಅಂದರೆ ಬೇರೆ ಬೇರೆಯಾಗಿ ರೆಕಾರ್ಡ್ ಆದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವುದು, ನನ್ನ ಹೊಟ್ಟೆಪಾಡು, ಬಂದ ದುಡ್ಡು ಬೇಡ ಅನ್ನುವವನಲ್ಲ. ಆದರೂ ಇದೊಂದಕ್ಕೆ ರೇಗಿಹೋಗುತ್ತದೆ.

ಹೀಗೆ ಕೇಳುವವರಲ್ಲಿ ಹೆಚ್ಚಿನವರು ಬ್ರಿಟನ್ನಿನ ರಾಕ್ ಸಂಗೀತಗಾರ ಮಾರ್ಕ್ ನಾಪ್‌ಫ್ಲರ್ ಗಿಟಾರಿಗೆ ಮರುಳಾದವರು. ಹಾಗಾಗಿ ಅವರ ಕಥೆಯನ್ನೇ ಹೇಳುತ್ತೇನೆ. ನಾಪ್‌ಫ್ಲರ್ ಮೊದಲು ಲೀಡ್ಸ್‌ನಲ್ಲಿ ಪತ್ರಿಕಾ ವರದಿಗಾರರು, ಆಮೇಲೆ ಕಾಲೇಜಿನಲ್ಲಿ ಮೇಷ್ಟ್ರು. ಡೈರ್ ಸ್ಟ್ರೇಟ್ಸ್ ಬ್ಯಾಂಡ್ ಕಟ್ಟಿ, 1977ರಲ್ಲಿ ಲಂಡನ್ನಿನ ಪಾತ್‌ವೇ ಎಂಬ ಪುಟ್ಟ ಸ್ಟುಡಿಯೋದಲ್ಲಿ ಡೆಮೊ, ಅಂದರೆ ಮಾದರಿ ರೆಕಾರ್ಡಿಂಗ್, ಮಾಡಿದರು. ರೇಡಿಯೋ ನಿರೂಪಕ ಚಾರ್ಲಿ ಗಿಲೆಟ್ ಅದನ್ನು ಬಿಬಿಸಿ ರೇಡಿಯೋ ಲಂಡನ್ನಿನಲ್ಲಿ ಹಾಕಿದರು, ರೆಕಾರ್ಡ್ ಕಂಪನಿಗಳ ಕಿವಿಗೆ ಬಿತ್ತು. 1978ರಲ್ಲಿ 'ಸುಲ್ತಾನ್ಸ್ ಆಫ್ ಸ್ವಿಂಗ್' ಸಿಂಗಲ್ (ಬಿಡಿ ಹಾಡಾಗಿ ಮಾರುವ ರೆಕಾರ್ಡ್) ಬಂತು. ಬ್ರಿಟನ್ನಿನ ಚಾರ್ಟಿಗೆ ಹತ್ತಲೇ ಇಲ್ಲ. ಯೂರೋಪು, ಅಮೆರಿಕದಲ್ಲಿ ಬ್ಯಾಂಡ್ ಹೆಸರು ಮಾಡಿದ ಮೇಲೆ, 1979ರಲ್ಲಿ ಅದೇ ಹಾಡು ಅಮೆರಿಕದಲ್ಲಿ 4ನೇ ಸ್ಥಾನಕ್ಕೆ, ತಮ್ಮೂರು ಬ್ರಿಟನ್ನಿನಲ್ಲಿ 8ಕ್ಕೆ ಹೋಯಿತು.

ಇಲ್ಲಿ ಸ್ವಲ್ಪ ನಿಲ್ಲಿ. ಚಾರ್ಟ್ ಅಂದರೆ ಒಂದು ದೇಶದಲ್ಲಿ ಒಂದು ವಾರ ಯಾವುದು ಎಷ್ಟು ಹೋಯಿತು ಅನ್ನುವ ಲೆಕ್ಕ. ಆಗ ಮಾರಾಟ, ಈಗ ಸ್ಟ್ರೀಮಿಂಗೂ ಸೇರುತ್ತದೆ, ಅಮೆರಿಕದಲ್ಲಾದರೆ ರೇಡಿಯೋ ಕೂಡ. ಕೋಲಾರದ ಮಂಡಿಯಲ್ಲಿ ರೇಟು ಬಿತ್ತು ಅಂದರೆ ಟೊಮೆಟೊ ಹುಳಿ ಕಡಿಮೆಯಾಯಿತು ಅಂತಲ್ಲವಲ್ಲ. ಇಷ್ಟು ಹೇಳಿದ ಮೇಲೂ "ಆದ್ರೂ ಸರ್, ಬೇಸ್ ಸ್ವಲ್ಪ..." ಅನ್ನುವವರಿದ್ದಾರೆ. ಅವರಿಗಾಗಿ ಅದೇ ಬ್ಯಾಂಡಿನ ಇನ್ನೊಂದು ಹಾಡು. 'ಮನಿ ಫಾರ್ ನಥಿಂಗ್' 1985ರಲ್ಲಿ ಅಮೆರಿಕದಲ್ಲಿ ಮೂರು ವಾರ ನಂಬರ್ 1. ಬ್ರಿಟನ್ನಿನಲ್ಲಿ 4ಕ್ಕೆ ನಿಂತಿತು. ಬ್ರಿಟನ್ನಿನವರ ಕಿವಿಗೆ ಬೇಸ್ ಸಾಲಲಿಲ್ಲವೇ? ಅಮೆರಿಕದಲ್ಲಿ ಎಂಟಿವಿ ಎಂಬ ಹಾಡುಗಳ ಟಿವಿ ಚಾನೆಲ್ ಇತ್ತು, ಆ ಹಾಡಿನ ಕಂಪ್ಯೂಟರ್ ಗೊಂಬೆಗಳ ವಿಡಿಯೋ ಅಲ್ಲಿ ಓಡಿತು.

ಆ ಹಾಡಿನ ಗಿಟಾರ್ ಸೌಂಡನ್ನೇ ಎಲ್ಲರೂ ಕೇಳುವುದು. ಕೆರಿಬಿಯನ್ ದ್ವೀಪ ಮಾಂಟ್‌ಸೆರಾಟ್‌ನ ಏರ್ ಸ್ಟುಡಿಯೋದಲ್ಲಿ, ಲೆಸ್ ಪಾಲ್ ಗಿಟಾರ್ ಮತ್ತು ಅರ್ಧ ಒತ್ತಿ ಬಿಟ್ಟ ವಾ ಪೆಡಲ್ (ಕಾಲಲ್ಲಿ ಒತ್ತಿ ಗಿಟಾರಿನ ದನಿ ಬದಲಿಸುವ ಸಾಧನ). ಎಂಜಿನಿಯರ್ ನೀಲ್ ಡಾರ್ಫ್ಸ್‌ಮನ್ ಗಿಟಾರಿನ ಆಂಪ್ಲಿಫೈಯರ್ ಮುಂದೆ ಮೈಕ್‌ಗಳನ್ನು ಹೊಂದಿಸುತ್ತಿದ್ದರು. ಒಂದು ಮೈಕ್ ನೆಲ ನೋಡುತ್ತಿತ್ತು, ಇನ್ನೊಂದು ಇರಬೇಕಾದ ಜಾಗದಲ್ಲಿರಲಿಲ್ಲ. ಕೆಲಸ ಇನ್ನೂ ಮುಗಿದಿಲ್ಲ, ಅಷ್ಟರಲ್ಲೇ ಕಂಟ್ರೋಲ್ ರೂಮಿನ ಸ್ಪೀಕರಿನಲ್ಲಿ ಆ ಸದ್ದು ಬಂದುಬಿಟ್ಟಿತು. ಯಾವುದನ್ನೂ ಮುಟ್ಟದೆ ಹಾಗೇ ರೆಕಾರ್ಡ್ ಮಾಡಿಕೊಂಡರು. ಇದನ್ನು ಹೇಳಿದ ದಿನವೇ ಒಬ್ಬ ಹುಡುಗ ನನ್ನ ಮೈಕ್ ಸ್ಟ್ಯಾಂಡನ್ನು ನೆಲಕ್ಕೆ ಬಗ್ಗಿಸಿದ್ದ. ಒಳ್ಳೆಯ ಹುಡುಗ, ಈಗಲೂ ಬರುತ್ತಾನೆ.

ಇನ್ನು ಆ ನಂಬರ್ 1 ಹುಚ್ಚು. ಡೈರ್ ಸ್ಟ್ರೇಟ್ಸ್‌ಗೆ ತಮ್ಮೂರಿನ ಸಿಂಗಲ್ಸ್ ಚಾರ್ಟಿನಲ್ಲಿ ಒಂದು ಸಲವೂ ನಂಬರ್ 1 ಸಿಗಲಿಲ್ಲ. 1982ರ 'ಪ್ರೈವೇಟ್ ಇನ್ವೆಸ್ಟಿಗೇಷನ್ಸ್' 2ರವರೆಗೆ ಹೋಯಿತು, 'ವಾಕ್ ಆಫ್ ಲೈಫ್' ಕೂಡ ಅಷ್ಟೇ. ಆದರೆ 'ಬ್ರದರ್ಸ್ ಇನ್ ಆರ್ಮ್ಸ್' ಆಲ್ಬಮ್ ಅಲ್ಲೇ 14 ವಾರ ನಂಬರ್ 1, ಸಿಡಿಯಲ್ಲಿ ಹತ್ತು ಲಕ್ಷ ಮಾರಾಟವಾದ ಮೊದಲ ಆಲ್ಬಮ್. ಅದನ್ನು ಡಿಜಿಟಲ್ ಟೇಪಿನಲ್ಲಿ ಮಾಡಿದ್ದರು, ಸಿಡಿ ಪ್ಲೇಯರ್ ಮನೆಗಳಿಗೆ ಬರುತ್ತಿದ್ದ ಕಾಲವೂ ಕೂಡಿಬಂತು. ಯಾವ ಚಾರ್ಟ್ ಅಂತ ಕೇಳದೆ ಹಿಟ್, ಫ್ಲಾಪ್ ಅನ್ನುವುದು ಸುಮ್ನೆ ಮಾತು.

ಹಾಗಂತ ಓಡದ ಹಾಡೆಲ್ಲಾ 'ಸುಲ್ತಾನ್ಸ್' ಅಂತ ನಾನು ಹೇಳುತ್ತಿಲ್ಲ, ಆ ಭರವಸೆ ಯಾರೂ ಕೊಡಲಾರರು. ಫೋನಿನ ಸ್ಪೀಕರಿನಲ್ಲಿ ಸಾಹಿತ್ಯ ಕೇಳಿಸುತ್ತಿಲ್ಲವೇ, ಕಾರಿನಲ್ಲಿ ಬೇಸ್ ಗುಂಯ್ಗುಡುತ್ತದೆಯೇ? ಅದು ಮಿಕ್ಸ್ ತಪ್ಪು, ಬನ್ನಿ, ಸರಿ ಮಾಡೋಣ. ಹಾಡನ್ನು ನಾಲ್ಕು ಜನ ಸ್ನೇಹಿತರ ವಾಟ್ಸಾಪ್ ಸ್ಟೇಟಸ್ ಬಿಟ್ಟು ಎಲ್ಲಿಗೂ ಕಳಿಸಿಲ್ಲ ಅಂದರೆ ಮೊದಲು ಅದನ್ನು ನೋಡಿಕೊಳ್ಳಿ. ಪಲ್ಲವಿಯೇ ಸಪ್ಪೆ ಅನ್ನಿಸಿದರೆ ಮನೆಯಲ್ಲಿ ಕೂತು ಮತ್ತೆ ಬರೆಯಿರಿ. ಅದಕ್ಕೆ ಗಂಟೆ ಲೆಕ್ಕದಲ್ಲಿ ನನಗೆ ಬಾಡಿಗೆ ಕಟ್ಟಬೇಕಾಗಿಲ್ಲ.