ಮೂರು ಸೆಕೆಂಡಿನ ಲೆಕ್ಕ ನಂಬಿ ಬರೆಯೋರನ್ನ ಮನೆಗೆ ಕಳ್ಸಿದ ಕಥೆ

2016ರ ಏಪ್ರಿಲ್‌ನಲ್ಲಿ ಬಝ್‌ಫೀಡ್ ಅನ್ನೋ ಅಮೆರಿಕದ ವೆಬ್‌ಸೈಟ್‌ನ ಇಬ್ರು ಒಂದು ಕಲ್ಲಂಗಡಿ ಹಣ್ಣಿಗೆ ಒಂದೊಂದೇ ರಬ್ಬರ್ ಬ್ಯಾಂಡ್ ಹಾಕ್ತಾ ಹೋದ್ರು, ಫೇಸ್‌ಬುಕ್ ಲೈವ್‌ನಲ್ಲಿ, ಹತ್ರತ್ರ ಮುಕ್ಕಾಲು ಗಂಟೆ. ಅದು ಯಾವಾಗ ಒಡೆಯತ್ತೋ ಅಂತ ಒಂದು ಹಂತದಲ್ಲಿ ಒಟ್ಟಿಗೇ 8 ಲಕ್ಷ ಜನ ಕಾಯ್ತಿದ್ರು. ಇನ್ನು ಮುಂದೆ ಎಲ್ಲಾ ವಿಡಿಯೋನೇ ಅಂತ ಮೀಡಿಯಾ ಕಂಪನಿಗಳಿಗೆ ಗಟ್ಟಿಯಾಗಿ ಅನ್ಸೋಕೆ ಇಂಥ ನಂಬರ್‌ಗಳೇ ಸಾಕಾಯ್ತು.

ಆನ್‌ಲೈನ್ ವಿಡಿಯೋದ ಈ ಓಟ ಶುರುವಾಗಿದ್ದು ಇದಕ್ಕೂ ಎಷ್ಟೋ ಮುಂಚೆ. ಯೂಟ್ಯೂಬ್‌ಗೆ 2005ರಲ್ಲಿ ಹಾಕಿದ ಮೊದಲ ವಿಡಿಯೋ ಬರೀ 19 ಸೆಕೆಂಡಿಂದು, ಮರುವರ್ಷವೇ ಗೂಗಲ್ ಆ ಕಂಪನಿನ 165 ಕೋಟಿ ಡಾಲರ್ ಕೊಟ್ಟು ತಗೊಳ್ತು. ಟಿವಿ ಕಂಪನಿಗಳು ಮೊದಲು ಜಗಳಕ್ಕೇ ನಿಂತ್ವು, 2007ರಲ್ಲಿ ವಯಾಕಾಮ್ 100 ಕೋಟಿ ಡಾಲರ್ ಪರಿಹಾರ ಕೇಳಿ ಕೋರ್ಟ್‌ಗೆ ಹೋಯ್ತು, ಅದೇ ವರ್ಷ ಎನ್‌ಬಿಸಿ ಯೂನಿವರ್ಸಲ್, ನ್ಯೂಸ್ ಕಾರ್ಪ್ ಸೇರ್ಕೊಂಡು ಹುಲು ಅನ್ನೋ ತಮ್ಮದೇ ವಿಡಿಯೋ ಸೈಟ್ ಕಟ್ಟೋಕೆ ಹೊರಟ್ವು. 2013ರಲ್ಲಿ ಪುಟ್ಟ ವಿಡಿಯೋಗಳೂ ಬಂದ್ವು, ಟ್ವಿಟರ್‌ನ ವೈನ್ ಆ್ಯಪ್‌ನಲ್ಲಿ 6 ಸೆಕೆಂಡಿಂದು, ಇನ್‌ಸ್ಟಾಗ್ರಾಂನಲ್ಲಿ 15 ಸೆಕೆಂಡಿಂದು.

ಫೇಸ್‌ಬುಕ್‌ಗೆ ಬೇಕಿದ್ದಿದ್ದು ಟಿವಿಗೆ ಹೋಗ್ತಿದ್ದ ಜಾಹೀರಾತಿನ ದುಡ್ಡು. ಅದಕ್ಕೆ ಆಟೋಪ್ಲೇ ತಂದ್ರು, ನೀವು ಸುಮ್ನೆ ಸ್ಕ್ರಾಲ್ ಮಾಡ್ತಿದ್ರೂ ವಿಡಿಯೋ ತಾನಾಗೇ ಓಡತ್ತೆ, 3 ಸೆಕೆಂಡ್ ಆದ್ರೆ ಒಂದು ವ್ಯೂ. ಲೈವ್ ಮಾಡಿ ಅಂತ ಸುಮಾರು 140 ಮೀಡಿಯಾ ಕಂಪನಿ, ಸೆಲೆಬ್ರಿಟಿಗಳ ಜೊತೆ 5 ಕೋಟಿ ಡಾಲರ್‌ಗೂ ಮೇಲ್ಪಟ್ಟು ಒಪ್ಪಂದನೂ ಮಾಡ್ಕೊಂಡ್ರು.

ಆದ್ರೆ 2016ರ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ಕೇ ಒಪ್ಕೊಂಡಿದ್ದೇನಂದ್ರೆ, ಜನ ಸರಾಸರಿ ಎಷ್ಟು ಹೊತ್ತು ವಿಡಿಯೋ ನೋಡ್ತಾರೆ ಅನ್ನೋ ಲೆಕ್ಕ ಎರಡು ವರ್ಷದಿಂದ ತಪ್ಪಾಗಿತ್ತು. ಹೇಗೆ ಅಂತ ಹೇಳ್ತೀನಿ. 10 ಜನರ ಮುಂದೆ ವಿಡಿಯೋ ಓಡ್ತು ಅಂದ್ಕೊಳ್ಳಿ, 5 ಜನ ಒಂದೇ ಸೆಕೆಂಡಲ್ಲಿ ದಾಟಿ ಹೋದ್ರು, ಉಳಿದ 5 ಜನ ತಲಾ 19 ಸೆಕೆಂಡ್ ನೋಡಿದ್ರು, ಒಟ್ಟು 100 ಸೆಕೆಂಡ್. 10 ಜನಕ್ಕೆ ಭಾಗಿಸಿದ್ರೆ 10 ಸೆಕೆಂಡ್ ಬರ್ಬೇಕು. ಇವ್ರು 3 ಸೆಕೆಂಡ್ ದಾಟಿದ 5 ಜನಕ್ಕೆ ಮಾತ್ರ ಭಾಗಿಸ್ತಿದ್ರು, 20 ಬರ್ತಿತ್ತು. ನಿಲ್ಲದೇ ಹೋದೋರು ಲೆಕ್ಕದಲ್ಲೇ ಇಲ್ಲ!

ನಂಗೆ ಇವತ್ತಿಗೂ ಬೇಜಾರಾಗೋದು ಏನಂದ್ರೆ, ಇದು ಗೊತ್ತಾದ್ಮೇಲೂ ಯಾರೂ ನಿಲ್ಲಿಸ್ಲಿಲ್ಲ. 2017ರಲ್ಲಿ ಎಂಟಿವಿ ನ್ಯೂಸ್, ವೊಕೇಟಿವ್, ಫಾಕ್ಸ್ ಸ್ಪೋರ್ಟ್ಸ್, ಮಿಕ್ ಹೀಗೆ ಅಮೆರಿಕದ ಸೈಟ್‌ಗಳಲ್ಲಿ ಒಂದಾದ್ಮೇಲೆ ಒಂದು ಕಡೆ ಬರೆಯೋರನ್ನ, ಎಡಿಟ್ ಮಾಡೋರನ್ನ ತೆಗೆದು ವಿಡಿಯೋ ಕಡೆ ಹೊರಳಿದ್ರು. ಜಾಹೀರಾತು ಕಮ್ಮಿಯಾಗಿದ್ದು, ಹೂಡಿಕೆದಾರರ ಒತ್ತಡ ಇವೂ ಇದ್ವು ನಿಜ, ಎಲ್ಲಾ ಆ ಲೆಕ್ಕದ ಮೇಲೇ ಹಾಕೋಕಾಗಲ್ಲ. ಆದ್ರೆ 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಫೀಡ್‌ನಲ್ಲಿ ಸ್ನೇಹಿತರು, ಮನೆಯವರ ಪೋಸ್ಟ್‌ಗೇ ಮೊದಲ ಜಾಗ ಅಂದ್ಬಿಡ್ತು, ಅದೇ ವರ್ಷ ನವೆಂಬರ್‌ನಲ್ಲಿ ಮಿಕ್ ಬಹುತೇಕ ಸಿಬ್ಬಂದಿನ ತೆಗೆದು ಮಾರಾಟವಾಯ್ತು.

ತಪ್ಪು ಲೆಕ್ಕದ ಕೇಸಲ್ಲಿ 2019ರಲ್ಲಿ ಫೇಸ್‌ಬುಕ್ 4 ಕೋಟಿ ಡಾಲರ್‌ಗೆ ರಾಜಿ ಮಾಡ್ಕೊಳ್ತು. ಆ ದುಡ್ಡು ಜಾಹೀರಾತು ಕೊಟ್ಟವರಿಗೆ. ಕೆಲಸ ಕಳ್ಕೊಂಡೋರು ಆ ಕೇಸಲ್ಲಿ ಇರ್ಲೇ ಇಲ್ಲ.