ತೊಳೆದರೂ ಹೋಗದ ಕ್ಯಾಡ್ಮಿಯಂ

ಹೆದ್ದಾರಿ ಬದಿಯ ತೋಟದ ಹರಿವೆ ಸೊಪ್ಪನ್ನು ನಾಲ್ಕು ಸಲ ತೊಳೆಯುವುದು ದಂಡವಲ್ಲ. ಬೇರಿನಿಂದ ಮೇಲೇರುವ ಸೀಸ ಕಡಿಮೆ. ಅದು ಹೆಚ್ಚಾಗಿ ಧೂಳಾಗಿ ಎಲೆಗೆ ಅಂಟುತ್ತದೆ. ಸೀಸ ಬೆರೆತ ಪೆಟ್ರೋಲ್ ದೇಶದಲ್ಲಿ 2000ದಲ್ಲೇ ನಿಂತಿತು, ಆದರೆ ರಸ್ತೆ ಬದಿಯ ಮಣ್ಣಿಗೆ ಬಿದ್ದ ಸೀಸ ಅಷ್ಟು ಬೇಗ ಹೋಗುವಂಥದ್ದಲ್ಲ. ಕ್ಯಾಡ್ಮಿಯಂ ಎಂಬ ವಿಷಲೋಹ ಮಾತ್ರ ತೊಳೆಯುವ ಕೈಗೆ ಸಿಗುವುದಿಲ್ಲ. ಅದು ಎಲೆಯ ಒಳಗೇ ಇರುತ್ತದೆ.

ಇದರ ಪಾಠ ಜಗತ್ತಿಗೆ ಸಿಕ್ಕಿದ್ದು ಜಪಾನಿನ ತೊಯಾಮಾದಲ್ಲಿ. ಕಮಿಯೋಕಾ ಗಣಿಯ ಕ್ಯಾಡ್ಮಿಯಂ ಜಿಂಜೂ ನದಿಗಿಳಿದು, ಗದ್ದೆ ಸೇರಿ, ಅನ್ನಕ್ಕೆ ಬಂತು. ಮೂಳೆ ಮೆತ್ತಗಾಗಿ ಮುರಿಯುವ ‘ಇತಾಯ್-ಇತಾಯ್’ ರೋಗಕ್ಕೆ ಅದೇ ಮೂಲವೆಂದು ಅಲ್ಲಿನ ಸರಕಾರ ಒಪ್ಪಿದ್ದು 1968ರಲ್ಲಿ.

ಗಿಡ ಈ ವಿಷವನ್ನು ಬೇಕೆಂದು ಹೀರುವುದಿಲ್ಲ. ಕಬ್ಬಿಣ, ಸತು, ಮ್ಯಾಂಗನೀಸನ್ನು ಒಳಗೆ ಬಿಡುವ ಬೇರಿನ ಪ್ರೋಟೀನುಗಳು ಕ್ಯಾಡ್ಮಿಯಂ ಅನ್ನೂ ಬಿಟ್ಟುಕೊಳ್ಳುತ್ತವೆ. ಆರ್ಸೆನಿಕ್ ನುಸುಳುವುದು ಫಾಸ್ಫೇಟಿನ ದಾರಿಯಲ್ಲಿ. ನೀರು ನಿಂತ ಗದ್ದೆಯಲ್ಲಾದರೆ ಸಿಲಿಕಾನಿನ ದಾರಿಯಲ್ಲಿ. ಒಳಹೊಕ್ಕ ಲೋಹದ ಎದುರು ಗಿಡ ಸುಮ್ಮನಿರುವುದೂ ಇಲ್ಲ. 1985ರಲ್ಲಿ ಜರ್ಮನಿಯ ವಿಜ್ಞಾನಿಗಳು ವಿವರಿಸಿದ ಫೈಟೋಕಿಲೇಟಿನ್ ಎಂಬ ಪೆಪ್ಟೈಡುಗಳು (ಪುಟ್ಟ ಪ್ರೋಟೀನಿನಂಥವು) ಲೋಹವನ್ನು ಹಿಡಿದುಕೊಳ್ಳುತ್ತವೆ, ಆಮೇಲೆ ಅದು ಜೀವಕೋಶದೊಳಗಿನ ದ್ರವದ ಚೀಲವಾದ ರಸದಾನಿಯಲ್ಲಿ ಬಂಧಿಯಾಗುತ್ತದೆ. ಗಿಡ ಹಸಿರಾಗಿಯೇ ಬೆಳೆಯುತ್ತದೆ, ತೊಂದರೆ ತಿನ್ನುವವರದು. ಸಾಮಾನ್ಯವಾಗಿ ಸೊಪ್ಪಿನಲ್ಲಿ ಕ್ಯಾಡ್ಮಿಯಂನ ಪಾಲು ಹೆಚ್ಚು, ಸೌತೆ, ಅಲಸಂಡೆಗಳಲ್ಲಿ ಕಡಿಮೆ.

ಕರಾವಳಿಯಲ್ಲಿ ಮೊದಲು ನೋಡಬೇಕಾದದ್ದು ಮಣ್ಣಿನ ಹುಳಿಯನ್ನು. ಸುರಿಯುವ ಮಳೆ ಸುಣ್ಣದಂಶವನ್ನು ತೊಳೆದೊಯ್ದು ಮಣ್ಣನ್ನು ಹುಳಿಯಾಗಿಸುತ್ತದೆ. ಮುರಕಲ್ಲು ನೆಲದ ಕಬ್ಬಿಣದ ಆಕ್ಸೈಡುಗಳು ಸೀಸ, ಆರ್ಸೆನಿಕ್‌ಗಳನ್ನು ಬಿಗಿಯಾಗಿ ಹಿಡಿದಿಟ್ಟರೂ ಹುಳಿಮಣ್ಣಿನಲ್ಲಿ ಕ್ಯಾಡ್ಮಿಯಂ ಸಡಿಲವಾಗಿರುತ್ತದೆ. ರಂಜಕದ ಗೊಬ್ಬರದಲ್ಲಿ ಅದರ ಅಂಶ ಅಲ್ಪಸ್ವಲ್ಪ ಇರುವುದುಂಟು. ನೀರು ನಿಂತ ಗದ್ದೆಯಲ್ಲಿ ಗಂಧಕದೊಂದಿಗೆ ಸೇರಿ ಕರಗದೆ ಕುಳಿತ ಕ್ಯಾಡ್ಮಿಯಂ, ಭತ್ತ ಕೊಯ್ದು ಗದ್ದೆ ಒಣಗಿಸಿ ತರಕಾರಿ ಹಾಕಿದಾಗ ಮತ್ತೆ ಬೇರಿಗೆ ಸಿಗುತ್ತದೆ. ಸುಣ್ಣ, ಬೂದಿ ಹುಳಿಯನ್ನು ಇಳಿಸುತ್ತವೆ. ಹಿರಿಯರು ತರಕಾರಿ ಸಾಲಿಗೆ ಸುಡುಮಣ್ಣು ಹಾಕುತ್ತಿದ್ದುದು ಬೇರೆ ಕಾರಣಕ್ಕಾದರೂ ಇಲ್ಲಿಯೂ ಉಪಕಾರಿಯೇ.

ಬದನೆಗೆ ಇನ್ನೊಂದು ಉಪಾಯವಿದೆ. ಜಪಾನಿನಲ್ಲಿ ಅದನ್ನು ಸುಂಡೆಯ ಬುಡಕ್ಕೆ ಕಸಿ ಕಟ್ಟಿದಾಗ ಕಾಯಿಯ ಕ್ಯಾಡ್ಮಿಯಂ ಬಹಳವಾಗಿ ಇಳಿಯಿತು. ಸುಂಡೆಯ ಬೇರು ಅದನ್ನು ಮೇಲಕ್ಕೆ ಕಳುಹಿಸುವುದೇ ಕಡಿಮೆ. ಸೊರಗು ರೋಗ ತಪ್ಪಿಸಲು ಇದೇ ಕಸಿ ನಮ್ಮಲ್ಲೂ ಬಳಕೆಯಲ್ಲಿದೆ. ಹಾಗೆಂದು ಉಡುಪಿಯ ಬದನೆ ತಳಿ ಮಟ್ಟುಗುಳ್ಳದ ಗದ್ದೆಯನ್ನು ಯಾರೂ ಅನುಮಾನದಿಂದ ನೋಡಬೇಕಾಗಿಲ್ಲ. ಮಣ್ಣಿನಲ್ಲಿ ಕ್ಯಾಡ್ಮಿಯಂ ಹೆಚ್ಚಿದೆಯೆಂದು ಅಳೆಯದೆ ಹೇಳುವಂತಿಲ್ಲ. ರೈತರಿಗಾಗಿ ಕೇಂದ್ರ ಸರಕಾರ 2015ರಲ್ಲಿ ತಂದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಸತು, ಕಬ್ಬಿಣ ಇವೆ. ಸೀಸ, ಕ್ಯಾಡ್ಮಿಯಂ ಇಲ್ಲ. ಮಣ್ಣಿನ ಹುಳಿಯ ಅಳತೆಯಾದರೂ ಅದರಲ್ಲಿದೆ, ಸುಣ್ಣ ಬೇಕೇ ಎಂದು ತಿಳಿಯಲು ಅಷ್ಟು ಸಾಕು.